ಬೋಟ್ಸ್ವಾನಾ: ವಜ್ರದ ಆಳ, ಆಡಳಿತದ ಹದ

ದಕ್ಷಿಣ ಆಫ್ರಿಕಾದ ಉತ್ತರ ಗಡಿಗೆ ತಾಗಿರುವ ಬೋಟ್ಸ್ವಾನಾದ ಬಹುಭಾಗವನ್ನು ಕಲಹಾರಿಯ ಮರಳು ಮುಚ್ಚಿದೆ. ಅಲ್ಲಿನ ಜ್ವನೆಂಗ್‌ನಲ್ಲಿ ವಜ್ರ ಹೊತ್ತ ಕಿಂಬರ್ಲೈಟ್ ಶಿಲೆ ಹತ್ತಾರು ಮೀಟರ್ ಮರಳಿನಡಿ ಹುದುಗಿತ್ತು. ಅದರ ಸುಳಿವು ಕೊಟ್ಟಿದ್ದು ಗೆದ್ದಲು. ತೇವ ಅರಸಿ ಆಳಕ್ಕಿಳಿದ ಗೆದ್ದಲುಗಳು ಹುತ್ತಕ್ಕೆಂದು ಹೊತ್ತು ತಂದ ಮಣ್ಣಿನಲ್ಲಿ, ಕಿಂಬರ್ಲೈಟಿನ ಜೊತೆಯಲ್ಲೇ ಸಿಗುವ ಗಾರ್ನೆಟ್, ಇಲ್ಮೆನೈಟ್‌ನಂಥ ಖನಿಜಗಳ ಕಣಗಳೂ ಇದ್ದವು. ಮೇಲ್ಮಣ್ಣನ್ನು ಜರಡಿ ಹಿಡಿದ ಭೂವಿಜ್ಞಾನಿಗಳು ಆ ಕಣಗಳ ಜಾಡು ಹಿಡಿದು ಕೆಳಗಿನ ಶಿಲೆಯನ್ನು ಮುಟ್ಟಿದರು. 1982ರಲ್ಲಿ ಆರಂಭವಾದ ಆ ಗಣಿ, ಹೊರತೆಗೆಯುವ ವಜ್ರದ ಮೌಲ್ಯದಲ್ಲಿ ಜಗತ್ತಿನ ಅತ್ಯಂತ ಶ್ರೀಮಂತ ಗಣಿಗಳಲ್ಲೊಂದು.

1966ರ ಸೆಪ್ಟೆಂಬರ್ 30ರಂದು ಬ್ರಿಟಿಷರಿಂದ ಬಿಡುಗಡೆ ಹೊಂದಿದಾಗ ದನ ಸಾಕಣೆಯನ್ನೇ ನಂಬಿದ್ದ ಈ ದೇಶದಲ್ಲಿ ಇದ್ದ ಡಾಂಬರು ರಸ್ತೆ ಸುಮಾರು 12 ಕಿಲೋಮೀಟರ್ ಮಾತ್ರ. ಮರುವರ್ಷವೇ ಒರಾಪಾದಲ್ಲಿ ವಜ್ರ ಸಿಕ್ಕಿತು. ಆಫ್ರಿಕಾದ ಅನೇಕ ದೇಶಗಳಲ್ಲಿ ಖನಿಜ ಸಂಪತ್ತು ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಂತೆ ಸರ್ವಾಧಿಕಾರಿಗಳ ಪಾಲಾಗಿದೆ, ಇಲ್ಲಿ ಹಾಗಾಗಲಿಲ್ಲ. ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಬಾಮಾಂಗ್ವಾಟೋ ಬುಡಕಟ್ಟಿನ ರಾಜಮನೆತನದವರು, ಒರಾಪಾ ಇದ್ದುದೂ ಅದೇ ಬುಡಕಟ್ಟಿನ ಸೀಮೆಯಲ್ಲಿ. ಆದರೂ ನೆಲದಡಿಯ ಖನಿಜದ ಹಕ್ಕು ಬುಡಕಟ್ಟುಗಳದ್ದಲ್ಲ, ಇಡೀ ದೇಶದ್ದು ಎಂಬ ಕಾನೂನನ್ನು ಅವರ ಸರ್ಕಾರ 1967ರಲ್ಲಿ ತಂದಿತು. ವಜ್ರೋದ್ಯಮದ ದೈತ್ಯ ಡಿ ಬಿಯರ್ಸ್ ಜೊತೆಗಿನ ಜಂಟಿ ಗಣಿ ಕಂಪನಿಯಲ್ಲಿ ಮೊದಲು ಶೇ. 15ರಷ್ಟಿದ್ದ ಸರ್ಕಾರದ ಪಾಲು 1975ರಲ್ಲಿ ಶೇ. 50ಕ್ಕೇರಿತು, ತೆರಿಗೆ ಮತ್ತು ರಾಜಧನ ಬೇರೆ.

ಅರ್ಥಶಾಸ್ತ್ರಜ್ಞರು ಈ ಯಶಸ್ಸನ್ನು ಸಾಮಾನ್ಯವಾಗಿ ನಾಯಕತ್ವಕ್ಕೂ ಸಂಸ್ಥೆಗಳಿಗೂ ಸಲ್ಲಿಸುತ್ತಾರೆ. ಅದು ಸರಿಯೇ, ಆದರೆ ಶಿಲೆಯ ಪಾಲನ್ನು ಮರೆಯುವಂತಿಲ್ಲ ಎಂಬುದು ನನ್ನ ಎಣಿಕೆ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನ ವಜ್ರಗಳಲ್ಲಿ ಹೆಚ್ಚಿನವು ನದಿಪಾತ್ರದ ಜಲ್ಲಿಯಲ್ಲಿ ಚದುರಿದ್ದವು. ಸಲಿಕೆ, ಜರಡಿ ಇದ್ದವರೆಲ್ಲ ಅಗೆಯಬಹುದಾಗಿದ್ದ ಆ ಕಲ್ಲುಗಳೇ 1991ರಿಂದ 2002ರವರೆಗಿನ ಅಂತರ್ಯುದ್ಧದಲ್ಲಿ ಬಂದೂಕುಗಳಿಗೆ ಹಣ ಒದಗಿಸಿದವು. ನೆಲದಾಳಕ್ಕೆ ಕೊಳವೆಯಂತೆ ಇಳಿದಿರುವ ಕಿಂಬರ್ಲೈಟ್ ಶಿಲೆಯಿಂದ ವಜ್ರ ತೆಗೆಯಲು ಮಾತ್ರ ಭಾರೀ ಬಂಡವಾಳ, ಯಂತ್ರ, ಬೇಲಿ ಎಲ್ಲವೂ ಬೇಕು. ಆದ್ದರಿಂದ ಅದನ್ನು ಸರ್ಕಾರ ಕಾಯುವುದು ಸುಲಭ, ಬಂಡುಕೋರರು ದೋಚುವುದು ಕಷ್ಟ.

ವಜ್ರದ ಹಣ ಶಾಲೆ, ಆಸ್ಪತ್ರೆ, ರಸ್ತೆಗಳಾಯಿತು; 1994ರಲ್ಲಿ ಮುಂದಿನ ಪೀಳಿಗೆಗೆಂದು ಪುಲಾ ನಿಧಿಯೂ ಹುಟ್ಟಿತು. ಕೊರತೆ ಬೇರೆಡೆ ಇತ್ತು. ಗಣಿಗಳು ಆದಾಯ ಕೊಡುವಷ್ಟು ಉದ್ಯೋಗ ಕೊಡುವುದಿಲ್ಲ. ರಫ್ತಿನ ಬಹುಪಾಲು ಇಂದಿಗೂ ವಜ್ರವೇ.

ಈ ವಜ್ರಕ್ಕೆ ಎದುರಾಳಿ ಹುಟ್ಟಿರುವುದು ಪ್ರಯೋಗಾಲಯದಲ್ಲಿ. ಭೂಮಿಯ ನೂರೈವತ್ತು ಕಿಲೋಮೀಟರ್‌ಗೂ ಹೆಚ್ಚಿನ ಆಳದಲ್ಲಿ ನೂರಾರು ಕೋಟಿ ವರ್ಷಗಳ ಹಿಂದೆ ರೂಪುಗೊಂಡಂಥದ್ದೇ ಹರಳನ್ನು, ಮೀಥೇನ್ ಮತ್ತು ಹೈಡ್ರೋಜನ್ ಅನಿಲಗಳನ್ನು ಪ್ಲಾಸ್ಮಾ ಸ್ಥಿತಿಗೆ ಕಾಯಿಸಿ, ಇಂಗಾಲವನ್ನು ಪದರಪದರವಾಗಿ ಕೂರಿಸಿ ಈಗ ಕೆಲವೇ ವಾರಗಳಲ್ಲಿ ಬೆಳೆಸುತ್ತಾರೆ. ನಮ್ಮ ಸೂರತ್‌ನಲ್ಲೂ ಈ ಉದ್ಯಮ ದೊಡ್ಡದಾಗಿದೆ. ಎರಡೂ ಒಂದೇ ರಚನೆಯ ಇಂಗಾಲವಾದ್ದರಿಂದ ಬರಿಗಣ್ಣಿಗೆ ಭೇದ ತಿಳಿಯದು. ಬೇಡಿಕೆ ಕುಸಿದು 2024ರಲ್ಲಿ ಬೋಟ್ಸ್ವಾನಾದ ಅರ್ಥವ್ಯವಸ್ಥೆ ಸುಮಾರು ಶೇ. 3ರಷ್ಟು ಕುಗ್ಗಿತು, ನಿರುದ್ಯೋಗ ಕಾಲುಭಾಗವನ್ನು ದಾಟಿತು.

ಅದೇ ವರ್ಷದ ಅಕ್ಟೋಬರ್ 30ರ ಚುನಾವಣೆಯಲ್ಲಿ, ಸ್ವಾತಂತ್ರ್ಯದಿಂದ ಐವತ್ತೆಂಟು ವರ್ಷ ಆಳಿದ್ದ ಬೋಟ್ಸ್ವಾನಾ ಡೆಮಾಕ್ರಟಿಕ್ ಪಕ್ಷ 61 ಕ್ಷೇತ್ರಗಳ ಪೈಕಿ ನಾಲ್ಕನ್ನು ಮಾತ್ರ ಉಳಿಸಿಕೊಂಡಿತು. ಎಲ್ಲ ಫಲಿತಾಂಶ ಹೊರಬೀಳುವ ಮುನ್ನವೇ ಅಧ್ಯಕ್ಷ ಮಾಸಿಸಿ ಸೋಲೊಪ್ಪಿಕೊಂಡರು, ವಿರೋಧ ಪಕ್ಷದ ಡುಮಾ ಬೋಕೊ ಅಧಿಕಾರ ವಹಿಸಿಕೊಂಡರು. 2025ರ ಫೆಬ್ರುವರಿಯಲ್ಲಿ ಹೊಸ ಸರ್ಕಾರ ಸಹಿ ಹಾಕಿದ ಒಪ್ಪಂದದಂತೆ, ಜಂಟಿ ಗಣಿಗಳ ಉತ್ಪನ್ನದಲ್ಲಿ ದೇಶವೇ ನೇರವಾಗಿ ಮಾರಬಹುದಾದ ಪಾಲು ಶೇ. 30ಕ್ಕೇರಿ, ಮುಂದೆ ಹಂತಹಂತವಾಗಿ ಇನ್ನಷ್ಟು ಹೆಚ್ಚಬೇಕು. ಇತ್ತ ಡಿ ಬಿಯರ್ಸ್‌ನ ಶೇ. 85ರ ಒಡೆತನ ಹೊಂದಿರುವ ಗಣಿ ಕಂಪನಿ ಆಂಗ್ಲೋ ಅಮೆರಿಕನ್ ತನ್ನ ಪಾಲಿನಿಂದ ಕೈತೊಳೆದುಕೊಳ್ಳುವುದಾಗಿ 2024ರಲ್ಲೇ ಸಾರಿದೆ. ವಜ್ರದ ಮೇಲಿನ ಅವಲಂಬನೆ ತಗ್ಗಬೇಕೆನ್ನುವ ಬೋಕೊ ಸರ್ಕಾರವೇ ಡಿ ಬಿಯರ್ಸ್‌ನ ಹಿಡಿತ ತನ್ನ ಕೈಗೆ ಬರಬೇಕೆಂದೂ ಬಯಸುತ್ತಿದೆ.