ಬೆಂಗಳೂರು–ಮಂಗಳೂರು ರಾತ್ರಿ ರೈಲು ಬಸ್ಸಿಗಿಂತ ತಡವೇಕೆ?

ಪ್ರಶ್ನೆ: ಬೆಂಗಳೂರಿನಿಂದ ಮಂಗಳೂರಿಗೆ ರಾತ್ರಿ ಬಸ್ಸು ಏಳೆಂಟು ಗಂಟೆಗಳಲ್ಲಿ ತಲುಪುತ್ತದೆ. ರೈಲಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುವುದೇಕೆ? ಈ ರೈಲು ನಡುವೆ ವರ್ಷಗಟ್ಟಲೆ ನಿಂತೇ ಹೋಗಿತ್ತು ಎಂದು ಹಿರಿಯರು ಹೇಳುವುದು ನಿಜವೇ?

ಉತ್ತರ: ನಿಜ. ಎರಡೂ ಪ್ರಶ್ನೆಗಳಿಗೆ ಉತ್ತರ ಇರುವುದು ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳ ನಡುವಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ಕೇರಳದ ಕಡೆಯಿಂದ. ಹೀಗಾಗಿ ಮುಂದೆ ಎಷ್ಟೋ ದಶಕಗಳ ಕಾಲ ಬೆಂಗಳೂರಿನಿಂದ ಮಂಗಳೂರಿಗೆ ರೈಲಿನಲ್ಲೇ ಹೋಗಬೇಕೆಂದರೆ ಸೇಲಂ, ಪಾಲಕ್ಕಾಡ್, ಶೋರನೂರುಗಳನ್ನು ಸುತ್ತಿ ಬರಬೇಕಾಗಿತ್ತು. ಪಣಂಬೂರಿನಲ್ಲಿ ಹೊಸ ಬಂದರು ಕಟ್ಟುವ ಯೋಜನೆಯ ಜೊತೆಗೆ, ಬಂದರಿಗೆ ಒಳನಾಡಿನ ಸಂಪರ್ಕ ಕಲ್ಪಿಸಲೆಂದು ಹಾಸನ–ಮಂಗಳೂರು ಮಾರ್ಗವೂ ಆಕಾರ ಪಡೆಯಿತು. 189 ಕಿಲೋಮೀಟರ್ ಉದ್ದದ ಈ ಮಾರ್ಗ 1979ರಲ್ಲಿ ಮೀಟರ್ ಗೇಜ್ (ಎರಡು ಕಂಬಿಗಳ ನಡುವೆ ಒಂದು ಮೀಟರ್ ಅಂತರದ) ಹಳಿಯಾಗಿ ಪೂರ್ಣಗೊಂಡ ಮೇಲೆ, ಕರಾವಳಿಯವರು ತಮ್ಮ ರಾಜ್ಯದ ರಾಜಧಾನಿಗೆ ನೆರೆರಾಜ್ಯಗಳ ಮೂಲಕ ಹೋಗುವ ವಿಚಿತ್ರ ಪರಿಸ್ಥಿತಿ ತಪ್ಪಿತು.

ಆದರೆ ಆ ನೆಮ್ಮದಿ ಎರಡು ದಶಕವೂ ಬಾಳಲಿಲ್ಲ. ದೇಶದ ಮೀಟರ್ ಗೇಜ್ ಹಳಿಗಳನ್ನೆಲ್ಲ ಅದಕ್ಕಿಂತ ಅಗಲವಾದ ಬ್ರಾಡ್‌ಗೇಜ್ ಮಾಡುವ ಕಾರ್ಯಕ್ರಮ 1992ರಲ್ಲಿ ಆರಂಭವಾಗಿ, ಬೆಂಗಳೂರು ಸುತ್ತಮುತ್ತಲ ಮಾರ್ಗಗಳು ಒಂದೊಂದಾಗಿ ಬದಲಾದವು. ಘಾಟಿಯ ಮಾರ್ಗವನ್ನೂ ಪರಿವರ್ತನೆಗೆಂದು 1996ರಲ್ಲಿ ಮುಚ್ಚಲಾಯಿತು. ಬಯಲುಸೀಮೆಯಲ್ಲಿ ಗೇಜ್ ಬದಲಿಸುವುದು ಒಂದು ಮಾತು, 57 ಸುರಂಗಗಳೂ ನೂರಕ್ಕೂ ಹೆಚ್ಚು ಸೇತುವೆಗಳೂ ಇರುವ, ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಬಿಡದೆ ಸುರಿಯುವ ಕಾಡಿನಲ್ಲಿ ಬದಲಿಸುವುದು ಬೇರೆಯೇ ಮಾತು. ಹಾಗೆಂದು ವಿಳಂಬಕ್ಕೆ ಗುಡ್ಡವನ್ನಷ್ಟೇ ದೂರುವುದು ನ್ಯಾಯವಲ್ಲ. ಹಣದ ಕೊರತೆಯೂ ಅಷ್ಟೇ ಕಾರಣವಾಗಿತ್ತು. ರೈಲ್ವೆ ಮತ್ತು ರಾಜ್ಯ ಸರ್ಕಾರಗಳ ಪಾಲುದಾರಿಕೆಯಲ್ಲಿ 2003ರಲ್ಲಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಹುಟ್ಟಿದ ಮೇಲಷ್ಟೇ ಕೆಲಸ ಚುರುಕಾಯಿತು. 2006ರಲ್ಲಿ ಗೂಡ್ಸ್ ರೈಲುಗಳು ಓಡತೊಡಗಿದವು. ಪ್ರಯಾಣಿಕರು ಮಾತ್ರ 2007ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಬಂದರಿನ ಸರಕಿಗೆ ಮೊದಲ ಮಣೆ, ಜನರಿಗೆ ನಂತರ ಎಂಬ ಕರಾವಳಿಯವರ ಹಳೆಯ ದೂರಿಗೆ ಇದು ಇನ್ನಷ್ಟು ಬಲ ಕೊಟ್ಟಿತು. ಆ ಹನ್ನೊಂದು ವರ್ಷಗಳಲ್ಲಿ ಶಿರಾಡಿ ಘಾಟಿಯ ರಾತ್ರಿ ಬಸ್ಸುಗಳಿಗೆ ಒಗ್ಗಿಕೊಂಡ ಜನ ರೈಲು ಮರಳಿ ಬಂದ ಕೂಡಲೇ ಬಸ್ಸನ್ನು ಬಿಟ್ಟು ಬರಲಿಲ್ಲ.

ಇನ್ನು ವೇಗದ ವಿಷಯ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ, ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣ ಘಾಟಿಯ ಬುಡದಲ್ಲಿದೆ. ನಡುವೆ ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ನಿಲ್ದಾಣಗಳಿದ್ದು, ಹಳಿಯ ಇಳಿಜಾರು 50 ಮೀಟರಿಗೆ ಒಂದು ಮೀಟರಿನಷ್ಟು ಕಡಿದಾಗಿದೆ. ರಸ್ತೆಯ ಲೆಕ್ಕದಲ್ಲಿ ಇದು ಏನೂ ಅಲ್ಲ, ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಇದು ಬಹಳ ದೊಡ್ಡ ಇಳಿಜಾರು. ಆದ್ದರಿಂದ ಕೆಳಗಿಳಿಯುವ ರೈಲಿನ ಬ್ರೇಕನ್ನು ಮೊದಲೇ ಪರೀಕ್ಷಿಸುತ್ತಾರೆ. ಗಂಟೆಗೆ 30 ಕಿಲೋಮೀಟರ್ ಮೀರದಂತೆ ಇಳಿಸುತ್ತಾರೆ. ಮೇಲೇರುವ ರೈಲಿಗೆ ಸುಬ್ರಹ್ಮಣ್ಯ ರೋಡ್‌ನಲ್ಲಿ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್‌ಗಳನ್ನು ಜೋಡಿಸಿ, ಸಕಲೇಶಪುರದಲ್ಲಿ ಬಿಡಿಸುತ್ತಾರೆ. ನಡುರಾತ್ರಿ ಬೋಗಿಗೆ ಹಿಂದಿನಿಂದ ಸಣ್ಣ ತಳ್ಳು ಬಿದ್ದಂತಾಗಿ ಎಚ್ಚರವಾದವರು ಅನುಭವಿಸಿರುವುದು ಈ ಜೋಡಣೆಯನ್ನೇ. ಘಾಟಿ ಒಂದಕ್ಕೇ ಎರಡು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಜೊತೆಗೆ ಇದು ಒಂಟಿ ಹಳಿ. ಎದುರಿನಿಂದ ರೈಲು ಬರುತ್ತಿದ್ದರೆ ಕ್ರಾಸಿಂಗ್‌ಗೆ ಯಾವುದಾದರೂ ನಿಲ್ದಾಣದಲ್ಲಿ ಕಾಯಲೇಬೇಕು.

ಸುತ್ತುಬಳಸು ದಾರಿ ಇನ್ನೊಂದು ಕಾರಣ. ಮೈಸೂರಿನ ಮೂಲಕ ಹೋಗುವ ರೈಲು ಮಂಗಳೂರು ಮುಟ್ಟಲು 440 ಕಿಲೋಮೀಟರಿಗೂ ಹೆಚ್ಚು ಓಡಬೇಕು. ಅರಸೀಕೆರೆಯ ದಾರಿ 400ರ ಆಸುಪಾಸು. 2017ರ ಮಾರ್ಚ್‌ನಲ್ಲಿ ಕುಣಿಗಲ್–ಶ್ರವಣಬೆಳಗೊಳದ ನೇರ ಮಾರ್ಗ ತೆರೆದ ಮೇಲೆ ದೂರ ಗಣನೀಯವಾಗಿ ಇಳಿಯಿತು, ಆದರೆ ಎಲ್ಲ ರೈಲುಗಳನ್ನೂ ಅತ್ತ ತಿರುಗಿಸುವುದು ಸರಿಯಲ್ಲ. ಮೈಸೂರಿನವರಿಗೂ ಕರಾವಳಿಗೆ ರಾತ್ರಿ ರೈಲು ಬೇಕು. ಉಡುಪಿ, ಕುಂದಾಪುರದ ಕಡೆಯವರ ತಕರಾರು ಬೇರೆ: ರಾತ್ರಿ ರೈಲಿನಲ್ಲಿದ್ದ ಕಾರವಾರದ ಕಡೆಯ ಬೋಗಿಗಳು ಮಂಗಳೂರು ಸೆಂಟ್ರಲ್‌ಗೆ ಹೋಗಿ, ಅಲ್ಲಿ ರೈಲಿನಿಂದ ಬೇರ್ಪಟ್ಟು, ಎಂಜಿನ್ ಬದಲಿಸಿಕೊಂಡು ಮತ್ತೆ ಹೊರಡುವಷ್ಟರಲ್ಲಿ ಅವರ ಬೆಳಗು ಅಲ್ಲೇ ಕಳೆಯುತ್ತಿತ್ತು. ಸೆಂಟ್ರಲ್‌ಗೆ ಹೋಗದೆ ಮಂಗಳೂರಿನ ಹೊರವಲಯದ ಪಡೀಲ್ ಬಳಿಯೇ ಉತ್ತರಕ್ಕೆ ತಿರುಗುವ ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಅವರಿಗೆ ಅಷ್ಟು ಇಷ್ಟವಾಗಿರುವುದು ಇದರಿಂದಲೇ.

ದಾರಿಯನ್ನು ಇನ್ನಷ್ಟು ಕಿರಿದಾಗಿಸಬಹುದು, ಎಂಜಿನ್ ಬದಲಿಸಬಹುದು, ಆದರೆ ಘಾಟಿಯ ಆ ಎರಡು ಗಂಟೆಯನ್ನು ಹೆಚ್ಚು ಕಡಿತಗೊಳಿಸಲಾಗದು ಎಂಬುದೇ ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ಘಾಟಿಯ ಮಾರ್ಗವೇ ಕೈಕೊಡುತ್ತದೆ. 2018ರ ಆಗಸ್ಟ್‌ನಲ್ಲಿ ಹಲವೆಡೆ ಗುಡ್ಡ ಕುಸಿದು ವಾರಗಟ್ಟಲೆ ಸಂಚಾರ ನಿಂತಿತ್ತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿದಾಗ, ವಾಹನ ಹೋಗುವ ದಾರಿಯಿಲ್ಲದ ಆ ಕಾಡಿಗೆ ಕಲ್ಲು ಮತ್ತು ಮರಳಿನ ಚೀಲಗಳನ್ನು ಹಳಿಯ ಮೇಲೆಯೇ ಸಾಗಿಸಬೇಕಾಯಿತು. ಆದ್ದರಿಂದ ಜುಲೈ–ಆಗಸ್ಟ್‌ನಲ್ಲಿ ಟಿಕೆಟ್ ಕಾದಿರಿಸಿದವರು ಹೊರಡುವ ದಿನ ರೈಲು ಓಡುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಮದುವೆ, ಪರೀಕ್ಷೆಯಂಥ ತಪ್ಪಿಸಲಾಗದ ಕೆಲಸವಿದ್ದರೆ ಒಂದು ದಿನ ಮೊದಲೇ ಹೊರಡುವುದು ಒಳ್ಳೆಯದು. ಅಂಥ ಮಳೆಯಲ್ಲಿ ಪಕ್ಕದ ಶಿರಾಡಿ ರಸ್ತೆಯೂ ತೆರೆದಿರುತ್ತದೆಂಬ ಭರವಸೆಯಿಲ್ಲ.