ಕೆಂಪು ಇಂಕಿನ ಲೆಕ್ಕ

ಸರ್ಕಾರಿ ಶಾಲೆಗಳ ಆಡಳಿತ ಮಂಡಳಿಗಳ ಪರವಾಗಿ ಶಿಕ್ಷಕರ ಸಂಘಗಳ ಜೊತೆ ಮಾತುಕತೆಗೆ ಕೂರುವುದು ನನ್ನ ಕಸುಬು. ನನ್ನನ್ನು ಕರೆಸಿಕೊಳ್ಳುವವರೆಲ್ಲ ಆಡುವುದು ಒಂದೇ ಮಾತು: ‘ಇವರಿಗೆ ಸಂಬಳ ಬಿಟ್ಟರೆ ಬೇರೆ ಯೋಚನೆಯೇ ಇಲ್ಲ. ಮಕ್ಕಳ ಬಗ್ಗೆ ಒಂದು ಮಾತಾದರೂ ಆಡ್ತಾರಾ?’

ಆಡ್ತಾರೆ. ಆ ಮಾತನ್ನು ಪಟ್ಟಿಯಿಂದ ಹೊಡೆದು ಹಾಕುವವರು ನಾವು.

ಒಂದು ಸಲ ಸಂಘದವರು 14 ಬೇಡಿಕೆ ತಂದಿದ್ದರು. ನಾಲ್ಕನೆಯದು, ಒಂದು ತರಗತಿಗೆ 30 ಮಕ್ಕಳಿಗಿಂತ ಜಾಸ್ತಿ ಬೇಡ. ಏಳನೆಯದು, ಬೀಗ ಹಾಕಿರುವ ಲೈಬ್ರರಿಗೆ ಒಬ್ಬರನ್ನು ಕೊಡಿ. ‘ಇದು ಆಡಳಿತಕ್ಕೆ ಬಿಟ್ಟ ವಿಷಯ, ಚರ್ಚೆಗೆ ಬರುವುದಿಲ್ಲ’ ಎಂದು ನಾನೇ ಕೆಂಪು ಪೆನ್ನಿನಲ್ಲಿ ಒಂಬತ್ತು ಸಾಲು ಹೊಡೆದೆ. ಉಳಿದದ್ದು ಸಂಬಳ, ರಜೆ, ವಿಮೆ, ಪಿಂಚಣಿ, ಬಡ್ತಿ. ಮಾರನೇ ದಿನ ಮಂಡಳಿಯ ಸದಸ್ಯರೊಬ್ಬರು, ‘ನೋಡಿದ್ರಾ, ಬರೀ ದುಡ್ಡಿನ ಮಾತು’ ಎಂದರು. ಆ ಹಾಳೆ ನನ್ನ ಚೀಲದಲ್ಲೇ ಇತ್ತು. ಸುಮ್ಮನಿದ್ದೆ.

ಇದು ನನ್ನೊಬ್ಬನ ಚಾಳಿಯಲ್ಲ. ಎಷ್ಟೋ ಕಡೆ ಕಾನೂನೇ ಹೀಗೆ ಗೆರೆ ಎಳೆದಿದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 2011ರಲ್ಲಿ ಬಂದ ‘ಆಕ್ಟ್ 10’ ಶಿಕ್ಷಕರ ಸಂಘಗಳಿಗೆ ಚೌಕಾಸಿ ಮಾಡಲು ಮೂಲ ವೇತನ ಒಂದನ್ನೇ ಉಳಿಸಿತು. ಅದೂ ಬೆಲೆ ಏರಿಕೆಯ ಮಟ್ಟಕ್ಕಿಂತ ಹೆಚ್ಚು ಕೇಳಬೇಕಾದರೆ ಮತದಾರರ ಒಪ್ಪಿಗೆ ಬೇಕು. ಸಂಬಳದ ಮಾತು ಮಾತ್ರ ಆಡಿ ಎಂದು ಬರೆದವರೇ, ಸಂಬಳದ ಮಾತು ಮಾತ್ರ ಆಡ್ತಾರೆ ಎಂದು ದೂರುವುದು ಯಾವ ನ್ಯಾಯ? ಇಲಿನಾಯ್ ರಾಜ್ಯ 1995ರಲ್ಲಿ ಶಿಕಾಗೊ ಶಿಕ್ಷಕರ ಚರ್ಚೆಯಿಂದ ತರಗತಿಯ ಗಾತ್ರವನ್ನು ಹೊರಗಿಟ್ಟಿತು. ಮುಂದೆ ಸ್ವಲ್ಪ ಸಡಿಲಿಸಿತಾದರೂ, ಆ ನಿರ್ಬಂಧ ಪೂರ್ತಿ ಹೋಗಿದ್ದು 2021ರಲ್ಲಿ. ಅದಕ್ಕೂ ಮೊದಲೇ, 2019ರಲ್ಲಿ ಅಲ್ಲಿನ ಶಿಕ್ಷಕರು 11 ಶಾಲಾ ದಿನ ಮುಷ್ಕರ ಹೂಡಿದ್ದರು. ಅದು ಮುಗಿದಾಗ ಒಪ್ಪಂದದಲ್ಲಿ ಪ್ರತಿ ಶಾಲೆಗೂ ಒಬ್ಬ ನರ್ಸ್, ಒಬ್ಬ ಸಮಾಜ ಕಾರ್ಯಕರ್ತರು ಎಂಬ ಮಾತಿತ್ತು.

ಹಾಗಂತ ಸಂಘದವರೇನು ಸಂತರಲ್ಲ. ಚಂದಾ ಕೊಡುವವರು ಶಿಕ್ಷಕರು, ಮಕ್ಕಳಲ್ಲ. ನಾನು ಕಂಡ ಮಟ್ಟಿಗೆ ಸಭೆಗೆ ತಪ್ಪದೆ ಬರುವವರು ಹಿರಿಯರೇ. ಹಾಗಾಗಿ ಕೆಲಸ ಕಡಿತ ಬಂದಾಗ ‘ಕೊನೆಗೆ ಸೇರಿದವರು ಮೊದಲು ಹೊರಗೆ’ ಎಂಬ ನಿಯಮವನ್ನು ಅವರು ಬಿಟ್ಟುಕೊಡುವುದಿಲ್ಲ. ಇದರ ಪೆಟ್ಟು ಹೊಸಬರೇ ತುಂಬಿರುವ ಬಡ ಶಾಲೆಗಳಿಗೆ ಜಾಸ್ತಿ. ಈ ವಿಷಯಕ್ಕೆ ನಾನು ಎಷ್ಟೋ ಸಲ ಜಗಳ ಆಡಿದ್ದೇನೆ, ಹೆಚ್ಚಾಗಿ ಸೋತಿದ್ದೇನೆ.

ಮೊನ್ನೆ ಅದೇ ಸಂಘದಿಂದ ಹೊಸ ಪಟ್ಟಿ ಬಂತು. ಐದೇ ಬೇಡಿಕೆ, ಎಲ್ಲವೂ ದುಡ್ಡಿನದ್ದೇ. ‘ಲೈಬ್ರರಿ ಎಲ್ಲಿ ಮೇಡಂ?’ ಎಂದು ಪಟ್ಟಿ ತಂದ ಶಿಕ್ಷಕಿಯನ್ನು ಕೇಳಿದೆ. ಅವರಿಗೆ ನಿವೃತ್ತಿಗೆ ಇನ್ನೊಂದೇ ವರ್ಷ. ಕನ್ನಡಕ ತೆಗೆದು ಒರೆಸುತ್ತಾ, ‘ಸುಮ್ನೆ ನಿಮ್ಮ ಕೆಂಪು ಇಂಕು ಯಾಕೆ ಖರ್ಚು ಮಾಡಿಸೋದು ಅಂತ ಬಿಟ್ವಿ ಸಾರ್’ ಎಂದರು.