ಹಳೆಯ ಟರ್ನ್‌ಟೇಬಲ್, ಹೊಸ ಆಂಪ್ಲಿಫೈಯರ್: ನಡುವೆ ಫೋನೊ ಪ್ರೀಆಂಪ್ ಏಕೆ?

ಅಟ್ಟದಿಂದ ಇಳಿಸಿದ ಟರ್ನ್‌ಟೇಬಲ್‌ನ, ಅಂದರೆ ಹಾಡಿನ ತಟ್ಟೆ ನುಡಿಸುವ ಯಂತ್ರದ, ಕೆಂಪು-ಬಿಳಿ ಪಿನ್ನುಗಳು ಹೊಸ ಆಂಪ್ಲಿಫೈಯರ್‌ನ ಆಕ್ಸ್ ಕಿಂಡಿಗಳಲ್ಲಿ ಸರಿಯಾಗಿಯೇ ಕೂರುತ್ತವೆ. ಗೊಂದಲ ಹುಟ್ಟುವುದೂ ಅದರಿಂದಲೇ. ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದರೂ ಹಾಡು ಸೊಳ್ಳೆಯ ದನಿಯಷ್ಟು ಸಣ್ಣಗೆ ಕೇಳಿಸುತ್ತದೆ. ಮೃದಂಗದ ಎಡಮುಚ್ಚಿಗೆಯ ನಾದ ಮಾಯವಾಗಿ, ತಾಳದ ಕಿಣಿಕಿಣಿ ಮಾತ್ರ ಉಳಿದಿರುತ್ತದೆ.

ಸದ್ದು ಸಣ್ಣಗಿರುವುದಕ್ಕೆ ಕಾರಣ ಸರಳ. ಮುಳ್ಳನ್ನು ಹಿಡಿದಿರುವ ಪುಟ್ಟ ಭಾಗವೇ ಕಾರ್ಟ್ರಿಜ್; ಮೂವಿಂಗ್ ಮ್ಯಾಗ್ನೆಟ್ ಬಗೆಯದರಲ್ಲಿ ಮುಳ್ಳಿನ ಜೊತೆ ಅಲುಗುವ ಪುಟ್ಟ ಆಯಸ್ಕಾಂತವು ತಂತಿಸುರುಳಿಗಳಲ್ಲಿ ಹುಟ್ಟಿಸುವ ವಿದ್ಯುತ್ತು ಸುಮಾರು 3ರಿಂದ 5 ಮಿಲಿವೋಲ್ಟ್ ಮಾತ್ರ. ಸಿಡಿ ಪ್ಲೇಯರ್ ಕೊಡುವುದು 2 ವೋಲ್ಟ್‌ನಷ್ಟು. ಆಕ್ಸ್‌ನಂಥ ಲೈನ್ ಕಿಂಡಿಗಳು ಎದುರುನೋಡುವುದು ಇಂಥ ಬಲವಾದ ಸಂಕೇತವನ್ನೇ. ಆದರೆ ಮಂದ್ರ ಮಾಯವಾಗುವುದಕ್ಕೆ ಕಾರಣ ಬೇರೆ, ಮತ್ತು ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲೇ. ಮಂದ್ರದ ಸದ್ದನ್ನು ಇದ್ದ ಹಾಗೆಯೇ ಕೆತ್ತಿದರೆ ತಟ್ಟೆಯ ಗೆರೆ ಅಗಲಕ್ಕೆ ಓಲಾಡಿ ಪಕ್ಕದ ಗೆರೆಯನ್ನು ಮುಟ್ಟುತ್ತದೆ. ತಾರದ ಸದ್ದನ್ನು ಹಾಗೆಯೇ ಬಿಟ್ಟರೆ ಅದು ಮುಳ್ಳು ಉಜ್ಜುವ ಸರಬರ ಸದ್ದಿನಲ್ಲಿ ಮುಳುಗುತ್ತದೆ. ಆದ್ದರಿಂದ ಕೆತ್ತುವಾಗಲೇ ಮಂದ್ರವನ್ನು ತಗ್ಗಿಸಿ, ತಾರವನ್ನು ಏರಿಸುತ್ತಾರೆ. ಎಷ್ಟೆಷ್ಟು ಎಂಬುದಕ್ಕೆ 1954ರಿಂದ ಆರ್‌ಐಎಎ (ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘ) ಹೆಸರಿನ ಮಾನದಂಡವಿದೆ: ಅದರ ಪ್ರಕಾರ ಕೇಳಿಸುವಾಗ 1,000 ಹರ್ಟ್ಸ್‌ಗೆ ಹೋಲಿಸಿ 20 ಹರ್ಟ್ಸ್‌ನ ಸದ್ದನ್ನು ಸುಮಾರು 19 ಡೆಸಿಬಲ್ ಏರಿಸಬೇಕು, 20,000 ಹರ್ಟ್ಸ್‌ನದನ್ನು ಹೆಚ್ಚುಕಡಿಮೆ ಅಷ್ಟೇ ಇಳಿಸಬೇಕು. ಫೋನೊ ಪ್ರೀಆಂಪ್ ಮಾಡುವುದು ಈ ತಿದ್ದುಪಡಿಯನ್ನು. ಜೊತೆಗೆ ಸಂಕೇತವನ್ನು ನೂರು ಪಟ್ಟು ಹಿಗ್ಗಿಸುವುದನ್ನು. ಸಾಮಾನ್ಯ ಮೈಕ್ ಪ್ರೀಆಂಪ್‌ಗೆ ಹಿಗ್ಗಿಸುವುದಷ್ಟೇ ಗೊತ್ತು. ಅದಕ್ಕೇ ಅದು ಇಲ್ಲಿ ಕೆಲಸಕ್ಕೆ ಬಾರದು.

ಆಂಪ್ಲಿಫೈಯರ್‌ಗೆ ಫೋನೊ ಎಂದು ಬರೆದ ಕಿಂಡಿ ಇದ್ದರೆ ಬೇರೆ ಪೆಟ್ಟಿಗೆ ಬೇಡ. ಟರ್ನ್‌ಟೇಬಲ್‌ನೊಳಗೂ ಪ್ರೀಆಂಪ್ ಇದ್ದು, ಅದರ ಸ್ವಿಚ್ಚು ಲೈನ್ ಕಡೆಗಿರುವಾಗ (ಅಂದರೆ ಒಳಗಿನ ಪ್ರೀಆಂಪ್ ಕೆಲಸ ಮಾಡುತ್ತಿರುವಾಗ) ಫೋನೊ ಕಿಂಡಿಗೆ ಜೋಡಿಸಿದರೆ ತಿದ್ದುಪಡಿ ಎರಡು ಸಲ ಆಗಿ, ಸದ್ದು ಉಬ್ಬಿ ಒಡೆಯುತ್ತದೆ.

ಹಳೆಯ ಸೂಟ್‌ಕೇಸ್ ಮಾದರಿಯ ಪ್ಲೇಯರ್‌ಗಳ ಕಥೆ ಬೇರೆ. ಅವುಗಳಲ್ಲಿ ಹೆಚ್ಚಾಗಿ ಇರುವ ಸೆರಾಮಿಕ್ ಕಾರ್ಟ್ರಿಜ್ ಕೆಲವು ನೂರು ಮಿಲಿವೋಲ್ಟ್ ಕೊಡುತ್ತದೆ, ಮತ್ತು ಅದರ ಸ್ವಭಾವದಲ್ಲೇ ಆರ್‌ಐಎಎ ತಿದ್ದುಪಡಿಯ ಬಹುಪಾಲು ಅಡಗಿದೆ. ಅದಕ್ಕೆ ಬೇಕಾದದ್ದು ಫೋನೊ ಪ್ರೀಆಂಪ್ ಅಲ್ಲ, ಸುಮಾರು 1 ಮೆಗಾಓಮ್‌ನ ಇನ್‌ಪುಟ್ ರೋಧವಿರುವ ಬಫರ್, ಅಂದರೆ ಸಂಕೇತದ ಮೇಲೆ ಭಾರ ಹಾಕದೆ ಅದನ್ನು ಮುಂದಕ್ಕೆ ದಾಟಿಸುವ ಪುಟ್ಟ ಮಂಡಲ. ಹೊಸ ಆಂಪ್ಲಿಫೈಯರ್‌ಗಳ ಲೈನ್ ಇನ್‌ಪುಟ್‌ನ ರೋಧ ಕೆಲವೇ ಹತ್ತು ಕಿಲೋಓಮ್‌ಗಳಷ್ಟಿರುವುದರಿಂದ ಅಲ್ಲೂ ಮಂದ್ರ ಸೋರಿಹೋಗುತ್ತದೆ.

ಪಿನ್ನುಗಳ ಜೊತೆಗಿರುವ, ತುದಿಯಲ್ಲಿ ಕವಲಿನಂಥ ತಗಡಿರುವ ತೆಳು ತಂತಿಯನ್ನು ನಾನು ಮೊದಲ ಸಲ ಅನಗತ್ಯವೆಂದು ಸುತ್ತಿಟ್ಟಿದ್ದೆ. ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ತುಂಬಿತ್ತು. ಟೋನ್‌ಆರ್ಮ್‌ನ (ಕಾರ್ಟ್ರಿಜ್ ಹೊತ್ತ ತೋಳಿನ) ಲೋಹವನ್ನು ಬೆರಳಿನಿಂದ ಮುಟ್ಟಿದರೆ ಅದು ಬದಲಾಗುತ್ತಿತ್ತು, ಬೆರಳು ತೆಗೆದರೆ ಮತ್ತೆ ಮೊದಲಿನಂತೆ. ಕೆಲವೇ ಮಿಲಿವೋಲ್ಟ್‌ಗಳ ಸಂಕೇತಕ್ಕೆ ಮನೆಯ ತಂತಿಗಳ 50 ಹರ್ಟ್ಸ್ ವಿದ್ಯುತ್ತು ಸುಲಭವಾಗಿ ಬೆರೆಯುತ್ತದೆ, ನೂರು ಪಟ್ಟು ಹಿಗ್ಗುವಾಗ ಅದೂ ಹಿಗ್ಗುತ್ತದೆ. ಆ ತಂತಿಯನ್ನು ಪ್ರೀಆಂಪ್‌ನ ಗ್ರೌಂಡ್ ತಿರುಪಿಗೆ ಬಿಗಿದೊಡನೆ ಗುಂಯ್ ನಿಂತಿತು.

ಎಚ್‌ಡಿಎಂಐ, ಆಪ್ಟಿಕಲ್ ಕಿಂಡಿಗಳಷ್ಟೇ ಇರುವ ಸೌಂಡ್‌ಬಾರ್‌ಗೆ ಪ್ರೀಆಂಪ್‌ನ ನಂತರ ಅನಲಾಗ್‌ನಿಂದ ಡಿಜಿಟಲ್‌ಗೆ ಬದಲಿಸುವ ಪರಿವರ್ತಕವೂ ಬೇಕು.

ಅಮೆರಿಕದ ಬಂಧುಗಳು ತಂದುಕೊಟ್ಟ ಹಳೆಯ ಟರ್ನ್‌ಟೇಬಲ್ ಆಗಿದ್ದರೆ ಇನ್ನೊಂದು ಎಚ್ಚರ ಅಗತ್ಯ. ಟ್ರಾನ್ಸ್‌ಫಾರ್ಮರ್ ನಮ್ಮ 230 ವೋಲ್ಟನ್ನು ಇಳಿಸಿಕೊಡುತ್ತದೆ, 50 ಹರ್ಟ್ಸನ್ನು 60 ಮಾಡಲಾರದು. ಒಳಗೆ ಸಿಂಕ್ರೊನಸ್ ಎಸಿ ಮೋಟಾರ್, ಅಂದರೆ ವಿದ್ಯುತ್ತಿನ ಹರ್ಟ್ಸ್‌ಗೆ ತಕ್ಕ ವೇಗದಲ್ಲೇ ತಿರುಗುವ ಮೋಟಾರ್, ಇದ್ದರೆ, ನಿಮಿಷಕ್ಕೆ 33⅓ ಸುತ್ತಬೇಕಾದ ತಟ್ಟೆ ಸುಮಾರು 27.8 ಸುತ್ತುತ್ತದೆ, ಶ್ರುತಿ ಮೂರು ಸ್ವರಸ್ಥಾನಕ್ಕಿಂತ ತುಸು ಹೆಚ್ಚೇ ಕುಸಿಯುತ್ತದೆ: ಗಾಯಕರು ಹಿಡಿದ ಷಡ್ಜ ನಮಗೆ ಕೇಳಿಸುವುದು ಅದರ ಕೆಳಗಿನ ಚತುಃಶ್ರುತಿ ಧೈವತದ ಹತ್ತಿರ. ಇದನ್ನು ಯಾವ ಪ್ರೀಆಂಪೂ ತಿದ್ದದು. ಮೋಟಾರಿನ ರಾಟೆಯನ್ನೇ 50 ಹರ್ಟ್ಸ್‌ನದಕ್ಕೆ ಬದಲಿಸಬೇಕು.